ಜ್ವರ ಬಿಟ್ಟವರಿಗೆ ಯಾವ ಪಾಲು?

ಮಲೆನಾಡಿನಲ್ಲಿ ಡೆಂಗಿ ಜೋರಾಗುವುದು ಮಳೆಗಾಲದಲ್ಲಿ. ಕಾಡುಹಾದಿಯಲ್ಲಿ ಓಡಲು ಹಿತವಾದ ಕಾಲ ಶುರುವಾಗುವುದು ದೀಪಾವಳಿ ಕಳೆದು ಉಂಬಳದ (ಜಿಗಣೆಯ) ಕಾಟ ಇಳಿದ ಮೇಲೆ. ಎರಡರ ನಡುವೆ ಮೂರು ತಿಂಗಳು ಸಿಕ್ಕರೆ ಹೆಚ್ಚು. ಆಗಸ್ಟ್‌ನಲ್ಲಿ ಹಾಸಿಗೆ ಹಿಡಿದವರಿಗೆ ಡಿಸೆಂಬರ್ ಹೊತ್ತಿಗೆ ಕಾಲು ತುರಿಸತೊಡಗುತ್ತದೆ. ಇಡೀ ಮ್ಯಾರಥಾನಿನ 42.195 ಕಿ.ಮೀ. ಆಗದ ಮಾತು, ನಾಲ್ವರು ಹಂಚಿಕೊಂಡು ಓಡುವ ರಿಲೇಯಲ್ಲಿ ಒಂದು ಪಾಲು ಆದೀತು ಎನ್ನಿಸುತ್ತದೆ. ಈ ಆಸೆಯಲ್ಲಿ ತಪ್ಪಿಲ್ಲ. ಆದರೆ ಓಡುವವರೊಬ್ಬರೇ ತಯಾರಾದರೆ ಅದು ಕೈಗೂಡುವುದಿಲ್ಲ. ಉಳಿದ ಮೂವರು ದೂರ, ಹೊತ್ತು, ವಾಹನ ಎಲ್ಲವನ್ನೂ ಆ ಒಬ್ಬರನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಹೊಂದಿಸಬೇಕು.

ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಸರದಿಯಲ್ಲಿ ದುಡಿದುಕೊಡುವ ಮುಯ್ಯಾಳು ಪದ್ಧತಿ ಕಂಡ ಊರುಗಳಿಗೆ ಇದು ಹೊಸ ವಿಚಾರವಲ್ಲ. ಜ್ವರದಿಂದ ಎದ್ದವರು ಕೊಯ್ಲಿಗೆ ಬಂದರೆ ಅವರನ್ನು ಯಾರೂ ಅಡಿಕೆ ಕೊನೆ ಹೊರಲು ಕಳಿಸುವುದಿಲ್ಲ, ಸುಲಿಯಲು ಕೂರಿಸುತ್ತಾರೆ. ಕೆಲಸವೂ ಸಾಗುತ್ತದೆ, ಮುಯ್ಯಿಯೂ ತೀರುತ್ತದೆ. ರಿಲೇ ತಂಡಗಳು ಮಾತ್ರ ದೂರವನ್ನು ನಾಲ್ಕು ಸಮಪಾಲು ಮಾಡಿ ಚೀಟಿ ಎತ್ತುವುದುಂಟು. ಸಮಪಾಲೇ ಎಲ್ಲ ಕಡೆಯ ನಿಯಮವಲ್ಲ. ರಸ್ತೆಯ ಮ್ಯಾರಥಾನ್ ರಿಲೇಗೆ ವಿಶ್ವ ಅಥ್ಲೆಟಿಕ್ಸ್ ಸೂಚಿಸುವ ಹಂಚಿಕೆಯೇ 5, 10, 5, 10, 5 ಮತ್ತು 7.195 ಕಿ.ಮೀ. ಎಂದು ಆರು ಅಸಮ ಪಾಲುಗಳದ್ದು.

ಮೊದಲು ಕಾಯಿಲೆಯ ವಿಷಯ. ಯಾವ ಜ್ವರ ಬಂದಿತ್ತು ಎಂಬುದರ ಮೇಲೆ ಮುಂದಿನದ್ದೆಲ್ಲ ನಿಂತಿದೆ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಮೂರರಿಂದ ಏಳನೇ ದಿನದ ನಡುವೆ ಮೈ ತಣ್ಣಗಾಗುತ್ತಿದ್ದಂತೆ ರಕ್ತನಾಳಗಳಿಂದ ದ್ರವ ಸೋರತೊಡಗಬಹುದು. ಅದನ್ನು ದಾಟಿದ ಮೇಲೆ ಪ್ಲೇಟ್‌ಲೆಟ್ ಸಾಮಾನ್ಯವಾಗಿ ಬೇಗ ಏರುತ್ತದೆ, ಶಕ್ತಿ ಅಷ್ಟು ಬೇಗ ಬರುವುದಿಲ್ಲ. ಕೌಂಟ್ 1.5 ಲಕ್ಷ ದಾಟಿದ ವರದಿ ಕೈಗೆ ಬಂದ ದಿನವೇ ಶೂ ಹುಡುಕುವವರಿದ್ದಾರೆ. ಆ ಸಂಖ್ಯೆ ಹೇಳುವುದು ರಕ್ತಸ್ರಾವದ ಭಯ ಕಡಿಮೆಯಾಗಿದೆ ಎಂದಷ್ಟೇ, ಸುಸ್ತಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಸುಸ್ತು ವಾರಗಟ್ಟಲೆ ಎಳೆಯುತ್ತದೆ. ಚಿಕೂನ್‌ಗುನ್ಯಾ ಆಗಿದ್ದರೆ ಕೀಲುನೋವು ತಿಂಗಳುಗಟ್ಟಲೆ ಉಳಿಯಬಹುದು, ಇಳಿಜಾರಿನಲ್ಲಿ ಅದು ಮೊದಲು ಹಿಡಿಯುವುದು ಪಾದದ ಗಂಟು ಮತ್ತು ಮೊಣಕಾಲನ್ನು. ಇಲಿ ಜ್ವರದಲ್ಲಿ ಮೂತ್ರಪಿಂಡ ಮತ್ತು ಯಕೃತ್ತಿಗೆ ಪೆಟ್ಟು ಬಿದ್ದಿರುವ ಸಾಧ್ಯತೆ ಇದೆ. ಆದ್ದರಿಂದ ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್, ಯಕೃತ್ತಿನ ಸ್ಥಿತಿ ಹೇಳುವ ಎಸ್‌ಜಿಒಟಿ, ಎಸ್‌ಜಿಪಿಟಿ ಸರಿಯಾಗಿವೆ ಎಂದು ವೈದ್ಯರು ಹೇಳುವವರೆಗೂ ತಡೆಯಬೇಕು.

ಇಲ್ಲೊಂದು ಸೂಕ್ಷ್ಮವಿದೆ, ಓಟಗಾರರೇ ಅಲ್ಲಿ ಗೊಂದಲಕ್ಕೆ ಬೀಳುತ್ತಾರೆ. ಜೋರಾಗಿ ಓಡಿದರೆ ಸ್ನಾಯುಗಳಿಂದಲೂ ಎಸ್‌ಜಿಒಟಿ, ಎಸ್‌ಜಿಪಿಟಿ ರಕ್ತಕ್ಕೆ ಸೇರುತ್ತವೆ, ಇಳಿಜಾರಿನಲ್ಲಿ ಓಡಿದ್ದರೆ ಇನ್ನೂ ಹೆಚ್ಚು. ಒಂದು ವಾರದವರೆಗೂ ಅಂಕಿ ಮೇಲೇ ಇರಬಹುದು. ಭಾನುವಾರ ಗುಡ್ಡ ಇಳಿದು ಸೋಮವಾರ ರಕ್ತ ಕೊಟ್ಟರೆ ಯಕೃತ್ತು ಇನ್ನೂ ಸರಿಯಾಗಿಲ್ಲ ಎಂಬ ತಪ್ಪು ಚಿತ್ರ ಸಿಗುತ್ತದೆ. ಪರೀಕ್ಷೆಗೆ ಮುಂಚಿನ ಒಂದು ವಾರ ಬರೀ ನಡಿಗೆ ಸಾಕು, ಮತ್ತು ತಾವು ಓಡುವವರು ಎಂಬುದನ್ನು ವೈದ್ಯರಿಗೆ ಹೇಳಬೇಕು.

ಯಾವ ವೈರಲ್ ಜ್ವರವೇ ಆಗಲಿ, ಅಪರೂಪಕ್ಕೆ ಹೃದಯದ ಸ್ನಾಯುವಿಗೂ ಉರಿಯೂತ ತಾಗುತ್ತದೆ. ಮಯೋಕಾರ್ಡೈಟಿಸ್ ಎಂದು ವೈದ್ಯರು ಗುರುತಿಸಿದರೆ ಮೂರರಿಂದ ಆರು ತಿಂಗಳು ಶ್ರಮದ ವ್ಯಾಯಾಮವೇ ಇಲ್ಲ, ಅಲ್ಲಿಗೆ ಆ ವರ್ಷದ ರಿಲೇ ಮುಗಿಯಿತು. ಎದೆ ನೋವು, ಕಾರಣವಿಲ್ಲದೆ ಎದೆ ಢವಗುಟ್ಟುವುದು, ಮೆಟ್ಟಿಲು ಹತ್ತುವಾಗ ಮೊದಲಿರದ ಏದುಸಿರು, ಕಣ್ಣು ಕತ್ತಲಿಡುವುದು, ಇವುಗಳಲ್ಲಿ ಒಂದು ಕಂಡರೂ ಇಸಿಜಿ ಮಾಡಿಸದೆ ಓಟಕ್ಕೆ ಇಳಿಯಬಾರದು.

ಮಂಗನ ಕಾಯಿಲೆಯನ್ನು ಬೇರೆಯಾಗಿಯೇ ಹೇಳಬೇಕು, ಅದು ಈ ನೆಲದ್ದೇ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದರಿಂದ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಅದರ ಹೆಸರು. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರ ಹುಷಾರಾಗಿದ್ದು ಮತ್ತೆ ಜ್ವರ ಬರುತ್ತದೆ. ಈ ಎರಡನೇ ಸುತ್ತಿನಲ್ಲಿ ವಿಪರೀತ ತಲೆನೋವು, ಕೈಕಾಲು ನಡುಕ, ಕತ್ತು ಬಿಗಿತ ಕಾಣಿಸಬಹುದು. ಆ ನಡುವಿನ ಚೆನ್ನಾಗಿರುವ ದಿನಗಳನ್ನು ನಂಬಿ ಓಡಲು ಹೋಗುವುದು ತೀರಾ ಅಪಾಯ. ಮಂಗನ ಕಾಯಿಲೆಯಿಂದ ಎದ್ದವರು ಅದೇ ಋತುವಿನಲ್ಲಿ ರಿಲೇಗೆ ಸೇರುವುದು ಬೇಡ, ಇದು ನನ್ನ ಗಟ್ಟಿ ಅಭಿಪ್ರಾಯ.

ಉಳಿದವರು ಓಟಕ್ಕೆ ಮರಳುವುದು ಹೇಗೆ? ದಿನದ ಮನೆಗೆಲಸ ಮಾಡಿ ಮಧ್ಯಾಹ್ನ ಮಲಗಬೇಕು ಅನ್ನಿಸದಷ್ಟು ಶಕ್ತಿ ಬರುವುದು ಮೊದಲ ಗುರುತು. ಅರ್ಧ ಕಿ.ಮೀ. ಸಮತಟ್ಟಿನಲ್ಲಿ ಏದುಸಿರಿಲ್ಲದೆ ನಡೆಯುವುದು ಎರಡನೆಯದು. ಅಲ್ಲಿಂದ ಎರಡು ವಾರ ಬರೀ ನಡಿಗೆ, 20 ನಿಮಿಷದಿಂದ ಶುರುಮಾಡಿ 45 ನಿಮಿಷದವರೆಗೆ. ತೋಟದ ದಾರಿ, ನಾಲೆಯ ಏರಿ, ಮೈದಾನ ಎಲ್ಲಾದರೂ ಆದೀತು, ಸಮತಟ್ಟಾಗಿದ್ದರೆ ಸಾಕು. ಮೂರನೇ ವಾರದಿಂದ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಹೀಗೆ ಎಂಟು ಸುತ್ತು, ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಪೂರ್ತಿ ವಾಕ್ಯ ಆಡುತ್ತ ಓಡಲಾಗದಿದ್ದರೆ ಅದು ಜೋರಾಯಿತು ಎಂದೇ ಅರ್ಥ. ಕೈಗಡಿಯಾರ ತೋರಿಸುವ ಪೇಸನ್ನು (ಒಂದು ಕಿ.ಮೀ.ಗೆ ಹಿಡಿಯುವ ಹೊತ್ತನ್ನು) ಈ ಹಂತದಲ್ಲಿ ನೋಡದಿರುವುದೇ ಒಳ್ಳೆಯದು. ಕಾಯಿಲೆಗೆ ಮುಂಚಿನ ಅಂಕಿಗಳು ಅದರೊಳಗೆ ಕೂತಿರುತ್ತವೆ, ಅವು ಎಳೆಯುತ್ತವೆ.

ಹೆಚ್ಚಿನವರು ಎಡವುವುದು ಒಂದೇ ಕಡೆ: ಓಡಿದ ದಿನ ಹೇಗಿತ್ತು ಎಂದು ನೋಡಿ ಮುಂದಿನ ಹೆಜ್ಜೆ ಇಡುತ್ತಾರೆ. ವೈರಲ್ ಜ್ವರದ ನಂತರದ ಸುಸ್ತು ಆ ದಿನವೇ ಬರುವುದಿಲ್ಲ. ಒಂದು ದಿನ, ಕೆಲವೊಮ್ಮೆ ಎರಡು ದಿನ ತಡವಾಗಿ ಬರುತ್ತದೆ. ಶನಿವಾರ 4 ಕಿ.ಮೀ. ಹಾಯಾಗಿ ಓಡಿದವರು ಸೋಮವಾರ ಬೆಳಗ್ಗೆ ಏಳಲಾಗದೆ ಮಲಗಿರುತ್ತಾರೆ, ಅದನ್ನು ಕೆಲಸದ ಒತ್ತಡ ಎಂದುಕೊಳ್ಳುತ್ತಾರೆ. ಹಾಗಾಗಿ ದೂರ ಹೆಚ್ಚಿಸುವ ಮುಂಚೆ ಎರಡು ರಾತ್ರಿ ಕಳೆಯಬೇಕು. ಎರಡನೇ ಬೆಳಗ್ಗೆಯೂ ಮೈ ಹಗುರಾಗಿದ್ದರೆ ಮಾತ್ರ ಮುಂದಿನ ಹಂತ. ಭಾರವೆನಿಸಿದರೆ ಹಿಂದಿನ ಹಂತಕ್ಕೆ ಇಳಿಯಬೇಕು. ಒಂದು ವಾರ ಹೋಯಿತಲ್ಲ ಎಂದು ಮರುಗಬೇಕಿಲ್ಲ, ಬಲವಂತದಿಂದ ಓಡಿದರೆ ಒಂದು ತಿಂಗಳೇ ಹೋಗುತ್ತದೆ.

ಇದಕ್ಕೆ ಜೊತೆಯಾಗಿ ಬೆಳಗಿನ ನಾಡಿ. ಹಾಸಿಗೆಯಿಂದ ಏಳುವ ಮುಂಚೆ ಪೂರ್ತಿ 60 ಸೆಕೆಂಡ್ ಎಣಿಸಿ ಪುಸ್ತಕದಲ್ಲಿ ಬರೆದಿಡಬೇಕು. ಮಾಮೂಲಿ 60 ಇರುವವರಿಗೆ ಸತತ ಎರಡು ಬೆಳಗ್ಗೆ 70 ಬಂದರೆ ಅಂದು ಓಟವಿಲ್ಲ.

ಐದು-ಆರನೇ ವಾರದಲ್ಲಿ ಏರು ಸೇರಿಸಬಹುದು. ಏರು ಹೃದಯ ಮತ್ತು ಉಸಿರಿಗೆ ಕೆಲಸ ಕೊಡುತ್ತದೆ, ಇಳಿಜಾರು ತೊಡೆಯ ಸ್ನಾಯುವನ್ನು ಎಳೆದು ಹರಿಯುತ್ತದೆ. ವಾರಗಟ್ಟಲೆ ಮಲಗಿ ತೆಳುವಾದ ತೊಡೆಗೆ ಎರಡನೆಯದೇ ಕಷ್ಟ. ಕುಂದಾದ್ರಿಯಂಥ ಬೆಟ್ಟ ಇದಕ್ಕೆ ಹೇಳಿಮಾಡಿಸಿದ್ದು. ಮೇಲಿನ ಬಸದಿಯವರೆಗೂ ಟಾರು ರಸ್ತೆ ಇದೆ, ನಿಧಾನಕ್ಕೆ ನಡೆದು ಹತ್ತಿ ತಂಡದವರ ಬೈಕಿನಲ್ಲಿ ಇಳಿಯಬಹುದು. ಹೀಗೆ ಎರಡು-ಮೂರು ಸಲ ಹತ್ತಿದ ಮೇಲೆ ಇಳಿಯುವುದನ್ನೂ ಅರ್ಧ ಅರ್ಧವಾಗಿ ಸೇರಿಸಿದರಾಯಿತು. ಕವಲೇದುರ್ಗ ಕೋಟೆಯ ಹಾಸುಗಲ್ಲಿನ ಹಾದಿ ನೋಡಲು ಚೆಂದ, ಆದರೆ ಕಲ್ಲು ಒದ್ದೆಯಾಗಿದ್ದರೆ ಜಾರುತ್ತದೆ. ಅದನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು.

ಬೀಳುವ ಭಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹಾಸಿಗೆಯಲ್ಲಿದ್ದಷ್ಟು ದಿನ ಕಾಲಿನ ಸಮತೋಲ ಕೂಡ ಸೊರಗಿರುತ್ತದೆ. ಕಣ್ಣು ತೆರೆದು ಒಂದೇ ಕಾಲಿನ ಮೇಲೆ 30 ಸೆಕೆಂಡ್ ನಿಲ್ಲಲಾಗದವರು ಕಾಡುಹಾದಿಗೆ ಇನ್ನೂ ಸಿದ್ಧರಿಲ್ಲ. ಮಲೆನಾಡಿನ ಹಾದಿಯಲ್ಲಿ ಬೀಳಿಸುವ ಜಾಗಗಳು ಕಣ್ಣಿಗೆ ಬೀಳುವುದೇ ಇಲ್ಲ. ತರಗೆಲೆಯ ಅಡಿಯಲ್ಲಿ ಗೋಲಿಯಂತೆ ಉರುಳುವ ಜಂಬಿಟ್ಟಿಗೆ ಹರಳು, ಅಕೇಶಿಯಾ ತೋಪಿನಲ್ಲಿ ಒಂದರ ಮೇಲೊಂದು ಬಿದ್ದ ನುಣುಪು ಎಲೆ, ಬೆಳಗಿನ ಇಬ್ಬನಿಗೆ ಹಾವಸೆ ನೆನೆದ ಕಾಲುಸಂಕ. ಅಡಿಕೆ ಮರದ ಸಂಕದ ಮೇಲೆ ಯಾರೂ ಓಡಬಾರದು. ನಿಂತು, ಪಾದ ಅಡ್ಡಲಾಗಿಟ್ಟು, ಕೈ ಹಿಡಿಕೆ ಇದ್ದರೆ ಹಿಡಿದು ದಾಟಬೇಕು. ಶೂ ಅಡಿಯ ಹಲ್ಲು 4-5 ಮಿ.ಮೀ. ಇದ್ದರೆ ಮಣ್ಣಿನಲ್ಲಿ ಹಿಡಿತ ಸಿಗುತ್ತದೆ, ಒದ್ದೆ ಮರದ ಮೇಲೆ ಯಾವ ಹಲ್ಲೂ ಸಾಲದು.

ಈಗ ಪಾಲಿನ ಮಾತು. ಚೇತರಿಸಿಕೊಳ್ಳುತ್ತಿರುವವರಿಗೆ ಮೊದಲನೇ ಲೆಗ್, ಅಂದರೆ ಓಟದ ಮೊದಲ ಪಾಲು ಕೊಡಬೇಕು. ಸಾಮಾನ್ಯವಾಗಿ ತಂಡಗಳು ಇದಕ್ಕೆ ಒಪ್ಪುವುದಿಲ್ಲ. ಮೊದಲಿಗೆ ಗಟ್ಟಿ ಓಟಗಾರರನ್ನು ಬಿಟ್ಟು, ದುರ್ಬಲರನ್ನು ಮಧ್ಯದಲ್ಲಿ ಅಡಗಿಸುವುದು ರೂಢಿ. ಆದರೆ ಮಧ್ಯದಲ್ಲಿ ಓಡುವವರಿಗೆ ತಮ್ಮ ಸರದಿ ಎಷ್ಟು ಹೊತ್ತಿಗೆ ಎಂದು ಗೊತ್ತಿರುವುದಿಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ಬ್ಯಾಟನ್ ದಾಟುವ ಚೇಂಜ್‌ಓವರ್ ಜಾಗದಲ್ಲಿ ಎರಡು ಗಂಟೆ ಚಳಿಯಲ್ಲಿ ನಿಂತು, ಯಾವಾಗ ತಿನ್ನಬೇಕು ತಿಳಿಯದೆ, ಮೈ ತಣ್ಣಗಾದ ಮೇಲೆ ಒಮ್ಮೆಗೇ ಓಡಬೇಕಾಗುತ್ತದೆ. ಹುಷಾರಿರುವವರು ಇದನ್ನು ತಾಳುತ್ತಾರೆ. ಕೊನೆಯ ಲೆಗ್ ಇನ್ನೂ ಕೆಟ್ಟದು: ಬಿಸಿಲು ಏರಿರುತ್ತದೆ, ಹಿಂದಿನ ಮೂವರ ತಡವೆಲ್ಲ ಒಟ್ಟಾಗಿ ಒಬ್ಬರ ಹೆಗಲಿಗೆ ಬೀಳುತ್ತದೆ, ಕಟ್-ಆಫ್ (ತಂಡ ಓಟ ಮುಗಿಸಬೇಕಾದ ಗಡುವು) ಅಟ್ಟಿಸಿಕೊಂಡು ಬರುತ್ತದೆ. ಮೊದಲ ಲೆಗ್‌ಗೆ ಗಂಟೆ ನಿಗದಿಯಾಗಿದೆ. ಎದ್ದು, ತಿಂದು, ಮೈ ಬಿಸಿ ಮಾಡಿ, ತಂಪಿನಲ್ಲೇ ಓಡಿ ಮುಗಿಸಿ ಕಂಬಳಿ ಹೊದೆಯಬಹುದು. ತಡವಾದರೂ ಅದು ಉಳಿದವರಿಗೆ ಬೇಗ ತಿಳಿಯುತ್ತದೆ, ಸರಿದೂಗಿಸಲು ದಾರಿ ಇರುತ್ತದೆ. ಇದರ ಒಂದೇ ತೊಡಕೆಂದರೆ ಗುಂಪಿನ ಸೆಳೆತ. ಅದಕ್ಕೆ ಮದ್ದು ಎಲ್ಲರ ಹಿಂದೆ ನಿಂತು, ಮೊದಲ ಐದು ನಿಮಿಷ ನಡೆದೇ ಶುರುಮಾಡುವುದು.

ಲೆಕ್ಕ ಹಾಕಿ ನೋಡಿದರೆ ಧೈರ್ಯ ಬರುತ್ತದೆ. ಕಟ್-ಆಫ್ 7 ಗಂಟೆ, ಅಂದರೆ 420 ನಿಮಿಷ ಎಂದಿಟ್ಟುಕೊಳ್ಳೋಣ. ನಿಯಮ ಅಸಮ ಪಾಲಿಗೆ ಅವಕಾಶ ಕೊಟ್ಟರೆ ಮೊದಲನೆಯವರಿಗೆ 6 ಕಿ.ಮೀ., ಆಮೇಲಿನವರಿಗೆ 12, 14 ಮತ್ತು 10.2. ರಸ್ತೆಯಲ್ಲಿ ಕಿ.ಮೀ.ಗೆ ಆರೂವರೆ ನಿಮಿಷ ಓಡುವವರು ಏರಿಳಿತದ ಕಾಡುಹಾದಿಯಲ್ಲಿ ಸುಮಾರು 9ಕ್ಕೆ ಇಳಿಯುತ್ತಾರೆ. ಆ ಮೂವರದ್ದು 108, 126, 92 ನಿಮಿಷ. ಚೇತರಿಸಿಕೊಳ್ಳುತ್ತಿರುವವರಿಗೆ ಕಿ.ಮೀ.ಗೆ 11 ಎಂದರೂ 66. ಮೂರು ಚೇಂಜ್‌ಓವರ್‌ಗೆ ಎರಡೆರಡು ನಿಮಿಷ ಸೇರಿ ಒಟ್ಟು 398. ಇನ್ನೂ 22 ನಿಮಿಷ ಕೈಯಲ್ಲಿದೆ. ಅಷ್ಟನ್ನೂ ಮೊದಲ ಲೆಗ್‌ಗೆ ಬಿಟ್ಟುಕೊಟ್ಟರೆ ಅವರು ಕಿ.ಮೀ.ಗೆ 14 ನಿಮಿಷ ತೆಗೆದುಕೊಂಡರೂ ತಂಡ ಒಳಗೇ ಇರುತ್ತದೆ. 14 ನಿಮಿಷವೆಂದರೆ ಬಿರುಸು ನಡಿಗೆ. ಈ ಲೆಕ್ಕವನ್ನು ಕಾಗದದಲ್ಲಿ ಬರೆದು ಅವರ ಕೈಗೇ ಕೊಡಬೇಕು. ಪೂರ್ತಿ ನಡೆದರೂ ತಂಡ ಮುಳುಗುವುದಿಲ್ಲ ಎಂದು ಅಂಕಿಯಲ್ಲೇ ಕಂಡರೆ ಏರಿನಲ್ಲಿ ನಡೆಯಲು ಯಾರೂ ನಾಚುವುದಿಲ್ಲ. ಕಾಯಿಲೆಯಿಂದ ಎದ್ದವರನ್ನು ಮತ್ತೆ ಮಲಗಿಸುವುದು ಹಲವು ಸಲ ತಂಡಕ್ಕೆ ಭಾರವಾದೆ ಎಂಬ ಭಾವನೆ, ದೂರದ ಪಾತ್ರ ಅದರಲ್ಲಿ ಕಡಿಮೆ.

ಪಾಲು ಆರಿಸುವಾಗ ನೋಡಬೇಕಾದ ಇನ್ನೊಂದು ಸಂಗತಿ ರಸ್ತೆ. ಹಾದಿ ಎಲ್ಲೆಲ್ಲಿ ಜೀಪು ಬರುವ ರಸ್ತೆಯನ್ನು ಮುಟ್ಟುತ್ತದೆ ಎಂದು ಗುರುತು ಮಾಡಿ, ಆ ಲೆಗ್‌ನಲ್ಲಿ ಕನಿಷ್ಠ ಎರಡು ಕಡೆ ಹೊರಬರುವ ದಾರಿ ಇರುವಂತೆ ನೋಡಬೇಕು. ಕಾನಿನೊಳಗೆ 6 ಕಿ.ಮೀ. ಎಲ್ಲೂ ರಸ್ತೆ ಸಿಗದಿದ್ದರೆ, ಊರಿನ ಅಂಚಿನಲ್ಲಿ ಹೋಗುವ 8 ಕಿ.ಮೀ. ಲೆಗ್ಗೇ ವಾಸಿ. ಬಹಳ ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಫೋನ್ ಮಾಡುತ್ತೇನೆ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಬದಲಿಗೆ ಗಂಟೆ ನಿಗದಿ ಮಾಡಿಕೊಳ್ಳಬೇಕು: ಇಷ್ಟು ಹೊತ್ತಿಗೆ ಈ ಮೋರಿಯ ಬಳಿ ಕಾಣದಿದ್ದರೆ ತಂಡದವರೊಬ್ಬರು ಎದುರಿನಿಂದ ನಡೆದು ಬರುತ್ತಾರೆ ಎಂದು. ಜೀಪನ್ನು ಹೊರಡುವ ದಿಕ್ಕಿಗೆ ಮುಖಮಾಡಿ ನಿಲ್ಲಿಸಬೇಕು. ದರೆ ಪಕ್ಕದ ಕಿರಿದಾದ ರಸ್ತೆಯಲ್ಲಿ ತುರ್ತಿಗೆ ತಿರುಗಿಸಲು ಜಾಗ ಸಿಗುವುದಿಲ್ಲ. ಅಭ್ಯಾಸಕ್ಕೆ ಹೋಗುವಾಗಲೂ ಹಾದಿ ಅಭಯಾರಣ್ಯದೊಳಗೆ ಹಾಯುತ್ತದೆಯೇ ಎಂದು ನೋಡಿ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು.

ಅರ್ಧಕ್ಕೇ ನಿಂತರೆ ಏನು ನಿಯಮ ಎಂದು ಆಯೋಜಕರನ್ನು ಮೊದಲೇ ಕೇಳಿಡಬೇಕು. ಕೆಲವು ಕಡೆ ಮುಂದಿನ ಓಟಗಾರ ಹಿಂದಕ್ಕೆ ಬಂದು ಬ್ಯಾಟನ್ ತೆಗೆದುಕೊಳ್ಳಬಹುದು, ಕೆಲವು ಕಡೆ ತಂಡವೇ ಹೊರಗೆ. ಯಾವುದೇ ಆದರೂ ಬದಲಿ ಓಟಗಾರರೊಬ್ಬರ ಹೆಸರು ಬರೆಸಿರಬೇಕು. ಓಟಕ್ಕೆ ಹತ್ತು-ಹದಿನಾಲ್ಕು ದಿನ ಮುಂಚೆ ಅದೇ ಶೂ, ಅದೇ ಚೀಲ, ಅದೇ ತಿಂಡಿಯಲ್ಲಿ 4-5 ಕಿ.ಮೀ. ಕಾಡುಹಾದಿಯ ಪೂರ್ವಾಭ್ಯಾಸ ಮಾಡಿ, ಎರಡು ರಾತ್ರಿ ಕಾದು ನೋಡಬೇಕು. ಅದರಲ್ಲಿ ಸೋತರೆ ಬದಲಿಯವರು ಓಡುತ್ತಾರೆ, ಚರ್ಚೆಯಿಲ್ಲ. ಇನ್ನೊಂದು ಗಡುವು ಓಟಕ್ಕೆ ಮೂರು ದಿನ ಮುಂಚೆ. ಆಗ "ಹುಷಾರಿದ್ದೀಯಾ ಮಾರಾಯ?" ಎಂದು ಕೇಳಿದರೆ "ಹೂಂ, ಅರಾಮಿದೀನಿ" ಎಂಬ ಉತ್ತರವೇ ಬರುತ್ತದೆ. ಕೇಳಬೇಕಾದದ್ದು "ರಾತ್ರಿ ಎಷ್ಟು ಹೊತ್ತು ನಿದ್ದೆ ಬಂತು? ಬೆಳಗ್ಗೆ ನಾಡಿ ಎಷ್ಟಿತ್ತು? ನಿನ್ನೆ ಮಧ್ಯಾಹ್ನ ಮಲಗಿದ್ಯಾ?" ಎಂದು. ಅಂಕಿಯಲ್ಲಿ ಉತ್ತರ ಹೇಳಬೇಕಾದಾಗ ಸಂಕೋಚಕ್ಕೆ ಸುಳ್ಳು ಹೇಳುವುದು ಕಷ್ಟ.

ಓಟದ ಬೆಳಗ್ಗೆ ಎರಡೂವರೆ ಗಂಟೆ ಮುಂಚೆ ಕುಚ್ಚಲಕ್ಕಿ ಗಂಜಿ, ಚಿಟಿಕೆ ಉಪ್ಪು, ಒಂದು ಬಾಳೆಹಣ್ಣು ಸಾಕು. ಕಡುಬು, ಕಾಯಿಚಟ್ನಿ ಓಟ ಮುಗಿದ ಮೇಲೆ. ಆಂಟಿಬಯಾಟಿಕ್ ತೆಗೆದುಕೊಂಡ ಹೊಟ್ಟೆಗೆ ಖಾಲಿಯಲ್ಲಿ ಮುರುಗಲು ಶರಬತ್ತಿನ ಹುಳಿಯೂ ಒಗ್ಗದಿರಬಹುದು. ಓಡುವಾಗ ಕುಡಿಯಲು ಒಆರ್‌ಎಸ್ ಒಳ್ಳೆಯದು, ಗಂಟೆಗೆ 400ರಿಂದ 500 ಮಿ.ಲೀ. ಗುಟುಕು ಗುಟುಕಾಗಿ. ಇದನ್ನು ಕಲಸುವಾಗಲೇ ಬಹಳ ತಪ್ಪು ಆಗುತ್ತದೆ. ದೊಡ್ಡ ಪೊಟ್ಟಣ 1 ಲೀಟರ್ ನೀರಿಗೆ, ಚಿಕ್ಕದು 200 ಮಿ.ಲೀ.ಗೆ. ಅರ್ಧ ಲೀಟರಿನ ಬಾಟಲಿಗೆ ದೊಡ್ಡ ಪೊಟ್ಟಣ ಪೂರ್ತಿ ಸುರಿದರೆ ಉಪ್ಪು ಇಮ್ಮಡಿಯಾಗಿ ಬಾಯಾರಿಕೆ, ವಾಕರಿಕೆ ಎರಡೂ ಹೆಚ್ಚುತ್ತವೆ. ಪೊಟ್ಟಣ ಸಿಗದಿದ್ದರೆ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮೂತ್ರಪಿಂಡದ ತೊಂದರೆ ಆಗಿದ್ದವರು ಮಾತ್ರ ಇದರ ಪ್ರಮಾಣವನ್ನು ವೈದ್ಯರಿಂದಲೇ ಕೇಳಬೇಕು. ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಿ ಓಡಬಾರದು. ಮೈಯಲ್ಲಿ ನೀರು ಕಡಿಮೆಯಾದಾಗ ಇವು ಮೂತ್ರಪಿಂಡಕ್ಕೆ ಹೊರೆ. ಮಾತ್ರೆ ನುಂಗದೆ ಓಡಲಾಗದಷ್ಟು ನೋವಿದ್ದರೆ ಅಂದು ಓಡುವ ದಿನವೇ ಅಲ್ಲ.

ಕಾಡಿಗೆ ಇಳಿಯುವ ಮುಂಚಿನ ಕೆಲಸ ಉಣುಗಿನದ್ದು. ಮಂಗನ ಕಾಯಿಲೆ ಹರಡುವ ಈ ಕೀಟದ ಮರಿಗಳು ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು, ಓಟಗಳ ಕಾಲವೂ ಅದೇ. ಆರೋಗ್ಯ ಇಲಾಖೆ ಆಶಾ ಕಾರ್ಯಕರ್ತೆಯರ ಮೂಲಕ ಕೊಡುವ, ಉಣುಗನ್ನು ದೂರವಿಡುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಬೇಕು, ಉದ್ದ ಕಾಲುಚೀಲ ಎಳೆದು ಪ್ಯಾಂಟಿನ ತುದಿಯನ್ನು ಅದರೊಳಗೆ ಸೇರಿಸಬೇಕು. ಚೇಂಜ್‌ಓವರ್‌ಗೆ ಕಾಯುವವರು ತರಗೆಲೆಯ ಮೇಲೆ, ದನ ಮಲಗುವ ಜಾಗದಲ್ಲಿ ಕೂರಬಾರದು. ಕಲ್ಲು ಅಥವಾ ಜೀಪಿನ ಹಲಗೆ ಮೇಲು. ಹಾದಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಜಾಗ ಗುರುತಿಟ್ಟು ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಆ ಮಾಹಿತಿ ಸುತ್ತಲಿನ ಊರುಗಳ ಜೀವ ಉಳಿಸುತ್ತದೆ.

ಓಡಿ ಬಂದವರ ಒದ್ದೆ ಬನಿಯನ್ನು ಐದು ನಿಮಿಷದೊಳಗೆ ಬದಲಿಸಬೇಕು, ಟೋಪಿ ಹಾಕಿ ಬೆಚ್ಚಗಿರಿಸಬೇಕು. ಎದೆ ನೋವು, ತಲೆ ತಿರುಗು, ನಿಂತರೂ ಇಳಿಯದ ಏದುಸಿರು, ಕಾಫಿ ಬಣ್ಣದ ಮೂತ್ರ ಇವುಗಳಲ್ಲಿ ಯಾವುದಿದ್ದರೂ 108ಕ್ಕೆ ಕರೆ, ಅಥವಾ ಸಿಗ್ನಲ್ ಇಲ್ಲದ ಕಡೆ ನೇರ ಜೀಪಿನಲ್ಲೇ ತಾಲ್ಲೂಕು ಆಸ್ಪತ್ರೆಗೆ. ತಂಡ ಓಟ ಮುಗಿಸಲಿ ಆಮೇಲೆ ನೋಡೋಣ ಎನ್ನಬಾರದು.

ಮನೆ ಸೇರಿದ ಮೇಲೆ ಬಟ್ಟೆಯೆಲ್ಲ ಬಿಸಿನೀರಿಗೆ, ಮೈಗೆ ಸೋಪಿನ ಸ್ನಾನ. ಮೊಣಕಾಲ ಹಿಂದೆ, ತೊಡೆಸಂದು, ಸೊಂಟಪಟ್ಟಿಯ ಜಾಗ, ಕಂಕುಳು, ಕಿವಿಯ ಹಿಂದೆ ಬೆರಳಾಡಿಸಿ ನೋಡಬೇಕು, ಬೆನ್ನನ್ನು ಮನೆಯವರಿಂದ ನೋಡಿಸಿಕೊಳ್ಳಬೇಕು. ಉಣುಗು ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಒತ್ತಿದಂತೆ ಹಿಡಿದು ನೇರವಾಗಿ ಎಳೆಯಬೇಕು. ಉಗುರಿನಿಂದ ಹೊಸಕುವುದು, ಸೀಮೆಎಣ್ಣೆ ಹಾಕುವುದು, ಬೀಡಿ ತಾಗಿಸುವುದು ಬೇಡ. ಕಚ್ಚಿದ ಮೇಲೆ ಜ್ವರ ಬರಲು ಸಾಮಾನ್ಯವಾಗಿ ಮೂರರಿಂದ ಎಂಟು ದಿನ. ಅಷ್ಟರಲ್ಲಿ ಓಟದ ಮೈಕೈ ನೋವು ಇಳಿದಿರುತ್ತದೆ. ಆದ್ದರಿಂದ ಆ ವಾರದಲ್ಲಿ ಜ್ವರ ಬಂದರೆ ಓಡಿದ ಸುಸ್ತು, ಹಳೇ ಡೆಂಗಿಯ ಬಾಕಿ ಎಂದು ಪ್ಯಾರಾಸಿಟಮಾಲ್ ನುಂಗಿ ಮಲಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಯಾವ ಕಾಡಿನಲ್ಲಿ ಯಾವ ದಿನ ಓಡಿದ್ದು, ಮೊದಲು ಯಾವ ಜ್ವರ ಬಂದಿತ್ತು ಎರಡನ್ನೂ ಹೇಳಿ ರಕ್ತದ ಮಾದರಿ ಕೊಡಬೇಕು.